ಯಾವ ಹಬ್ಬಕ್ಕೆ ಕ್ಯಾಂಪೇನ್ ಮಾಡಬೇಕು, ಯಾವುದನ್ನು ಸುಮ್ನೆ ಬಿಡಬೇಕು

ಹಿಂದೆ ಒಂದು ಚಿಕ್ಕ ವ್ಯಾಪಾರದ ಪೇಜ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೊಸ ಹುರುಪು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಕಂಡ ಕಂಡ ದಿನಕ್ಕೆಲ್ಲ ಒಂದೊಂದು ಪೋಸ್ಟರ್ ಮಾಡಿದೆ. ದೊಡ್ಡ ಹಬ್ಬ, ಚಿಕ್ಕ ಹಬ್ಬ, ನೀರಿನ ದಿನ, ನಗುವಿನ ದಿನ, ಫೋಟೋ ದಿನ, ಒಂದನ್ನೂ ಬಿಡಲಿಲ್ಲ. ಮೇಲೆ ಶುಭಾಶಯ, ಕೆಳಗೆ ಲೋಗೋ, ಸಂತೆಗೆ ಮೂರು ಮೊಳ ನೇಯ್ದ ಹಾಗೆ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಆ ಪೋಸ್ಟರ್‌ಗಳಿಂದ ಬಂದ ಗಿರಾಕಿಗಳು ಇಬ್ಬರೋ ಮೂವರೋ. ಅವರಲ್ಲೂ ಒಬ್ಬರು ಮಾಲೀಕರ ನೆಂಟರು.

ಆಮೇಲೆ ನಾನು ಕ್ಯಾಲೆಂಡರ್‌ನಿಂದ ಶುರು ಮಾಡುವುದನ್ನೇ ಬಿಟ್ಟೆ. ಈಗ ಮೊದಲು ಕೇಳುವ ಪ್ರಶ್ನೆ ಒಂದೇ: ಆ ದಿನ ನಮ್ಮ ಗಿರಾಕಿಯ ತಲೆ ಮೇಲೆ ಯಾವ ಕೆಲಸ ಇರುತ್ತದೆ, ಅದರಲ್ಲಿ ನಾವು ಏನಾದರೂ ಹಗುರ ಮಾಡಬಹುದಾ? ಕೆಲವರಿಗೆ ಉಡುಗೊರೆ ಹುಡುಕುವ ತಲೆಬಿಸಿ. ಕೆಲವರಿಗೆ ಮನೆಗೆ ಬರುವ ನೆಂಟರ ಚಿಂತೆ. ಕೆಲವರಿಗೆ ಪ್ರಯಾಣ, ಕೆಲವರಿಗೆ ರಜೆಯಲ್ಲಿ ಮನೆಯಲ್ಲೇ ಕುಣಿಯುವ ಮಕ್ಕಳು. ಇದ್ಯಾವುದೂ ಇಲ್ಲದ ದಿನ ಅಂದರೆ ನಿಮ್ಮ ಪೋಸ್ಟರ್ ನೋಡಿ ಹೆಬ್ಬೆರಳು ಮೇಲಕ್ಕೆ ಸರಿಯುತ್ತದೆ, ಅಷ್ಟೇ.

ಜಪಾನಿನಲ್ಲಿ ಕೆಎಫ್‌ಸಿ, ಅಂದರೆ ಕೆಂಟಕಿ ಫ್ರೈಡ್ ಚಿಕನ್ ಕಂಪನಿ, ಮಾಡಿದ್ದು ಇದನ್ನೇ. ಅಲ್ಲಿ ಕ್ರಿಸ್‌ಮಸ್‌ಗೆ ಸರ್ಕಾರಿ ರಜೆ ಇಲ್ಲ, ಕ್ರೈಸ್ತರೂ ಬಹಳ ಕಡಿಮೆ. ಜನಕ್ಕೆ ಆ ದಿನದ ಮೇಲೆ ಆಸೆ ಇತ್ತು, ಆದರೆ ಅವತ್ತು ಏನು ಮಾಡಬೇಕು ಅನ್ನುವ ರೂಢಿ ಇರಲಿಲ್ಲ. ಖಾಲಿ ಜಾಗ. 1974ರಲ್ಲಿ ಕಂಪನಿ 'ಕ್ರಿಸ್‌ಮಸ್‌ಗೆ ಕೆಂಟಕಿ' ಅಂತ ದೇಶದ ಉದ್ದಗಲಕ್ಕೂ ಪ್ರಚಾರ ಮಾಡಿತು, ಆ ಖಾಲಿ ಜಾಗದಲ್ಲಿ ಕೂತುಬಿಟ್ಟಿತು. ಇವತ್ತಿಗೂ ಅಲ್ಲಿ ಜನ ವಾರಗಟ್ಟಲೆ ಮೊದಲೇ ಬುಕ್ ಮಾಡುತ್ತಾರೆ. ಡಿಸ್ಕೌಂಟ್ ಕೊಟ್ಟು ಗೆದ್ದದ್ದಲ್ಲ, 'ಇವತ್ತು ಏನು ಮಾಡೋಣ' ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟು ಗೆದ್ದದ್ದು.

ಸರಿ, ಈಗ ಆಯ್ಕೆಗಳಿಗೆ ಬರೋಣ.

ದೊಡ್ಡ ಹಬ್ಬವೋ, ಚಿಕ್ಕ ದಿನವೋ?

ದೊಡ್ಡ ಹಬ್ಬದ ಲಾಭ ಹೇಳಬೇಕಾಗಿಯೇ ಇಲ್ಲ. ಜನ ಪರ್ಸ್ ತೆರೆದೇ ಕೂತಿರುತ್ತಾರೆ. ಖರ್ಚು ಮಾಡಿ ಅಂತ ಒಪ್ಪಿಸುವ ಕೆಲಸ ನಿಮ್ಮದಲ್ಲ, ನಮ್ಮ ಹತ್ತಿರ ಮಾಡಿ ಅಂತ ಹೇಳಿದರೆ ಸಾಕು. ತೊಂದರೆ ಏನೆಂದರೆ, ಅದನ್ನೇ ಎಲ್ಲರೂ ಹೇಳುತ್ತಿರುತ್ತಾರೆ. ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಜಾಹೀರಾತಿನ ಜಾಗ ಹರಾಜಿನ ಲೆಕ್ಕದಲ್ಲಿ ಹೋಗುತ್ತದೆ. ಹಬ್ಬದ ವಾರ ಕೂಗುವವರು ಜಾಸ್ತಿ, ಹಾಗಾಗಿ ರೇಟೂ ಜಾಸ್ತಿ. ಮಾಮೂಲಿ ವಾರದಲ್ಲಿ ಸಾವಿರ ಜನಕ್ಕೆ ತಲುಪುತ್ತಿದ್ದ ದುಡ್ಡು ಆಗ ಅಷ್ಟು ಜನಕ್ಕೆ ತಲುಪುವುದಿಲ್ಲ. ಜಾತ್ರೆಯಲ್ಲಿ ಪಿಸುಮಾತು ಆಡಿದ ಹಾಗೆ.

ಇನ್ನೊಂದು ಮಾತು ಜನ ಮರೆಯುತ್ತಾರೆ. ದೊಡ್ಡ ಹಬ್ಬದಲ್ಲಿ ಪ್ರಚಾರ ಗೆದ್ದರೂ ನೀವು ಸೋಲಬಹುದು. ಆರ್ಡರ್ ಬಂತು, ಸ್ಟಾಕ್ ಇಲ್ಲ. ಸ್ಟಾಕ್ ಇದೆ, ಪ್ಯಾಕ್ ಮಾಡುವ ಹುಡುಗ ರಜೆ ಹಾಕಿದ್ದಾನೆ. ಪ್ಯಾಕ್ ಆಯಿತು, ಕೊರಿಯರ್‌ನವರು ಮೂರು ದಿನ ಬಂದಿಲ್ಲ. ಉಡುಗೊರೆ ಹಬ್ಬದ ಮರುದಿನ ತಲುಪಿದರೆ ಆ ಗಿರಾಕಿ ಮತ್ತೆ ನಿಮ್ಮ ಕಡೆ ತಲೆ ಹಾಕಿ ಮಲಗುವುದಿಲ್ಲ.

ಚಿಕ್ಕ ದಿನಗಳ ವಿಷಯ ಬೇರೆ. ಪುಸ್ತಕದ ದಿನ, ಸೈಕಲ್ ದಿನ, ನಾಯಿಗಳ ದಿನ, ಇಂಥವು ವರ್ಷಕ್ಕೆ ನೂರಾರು ಇವೆ. ಗದ್ದಲ ಕಡಿಮೆ, ಖರ್ಚು ಕಡಿಮೆ, ಆದರೆ ಗಿರಾಕಿಯೂ ಕಡಿಮೆ. ನನ್ನ ಲೆಕ್ಕದಲ್ಲಿ ಇವು ಒಂದೇ ಸಂದರ್ಭದಲ್ಲಿ ಕೆಲಸಕ್ಕೆ ಬರುತ್ತವೆ: ಆ ದಿನಕ್ಕೂ ನಿಮ್ಮ ಕಸುಬಿಗೂ ನೇರ ನಂಟು ಇರಬೇಕು, ಅದನ್ನು ವಿವರಿಸುವ ಗೋಜು ಇರಬಾರದು. ಸೈಕಲ್ ರಿಪೇರಿ ಮಾಡುವವರು ಜೂನ್ 3ರ ವಿಶ್ವ ಸೈಕಲ್ ದಿನಕ್ಕೆ 'ಬ್ರೇಕ್ ಚೆಕ್ ಉಚಿತ' ಅಂದರೆ ಅದು ಅರ್ಥವಾಗುತ್ತದೆ. ಅದೇ ದಿನ ವಿಮೆ ಮಾರುವವರು ಎರಡು ಚಕ್ರದ ಮೇಲೆ ಕವಿತೆ ಬರೆದರೆ ಯಾರಿಗೆ ಬೇಕು? ಹೊಸಬರು, ಕೈಯಲ್ಲಿ ದುಡ್ಡು ಕಡಿಮೆ ಇರುವವರು ಮೊದಲ ಸಲ ಅಭ್ಯಾಸ ಮಾಡುವುದಕ್ಕೆ ಚಿಕ್ಕ ದಿನ ಒಳ್ಳೆಯದು. ಎಡವಿದರೂ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದೇ ದೊಡ್ಡ ಅನುಕೂಲ!

ಸೇಲ್ ದಿನಗಳು

ಇವು ಹಬ್ಬವೂ ಅಲ್ಲ, ರಜೆಯೂ ಅಲ್ಲ, ಶುದ್ಧ ವ್ಯಾಪಾರ. ಅಮೆರಿಕದಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ಬರುವ ದೊಡ್ಡ ಸೇಲ್‌ನ ಶುಕ್ರವಾರ, ಬ್ಲ್ಯಾಕ್ ಫ್ರೈಡೇ ಇದೆ. ಅದರ ಮುಂದಿನ ಸೋಮವಾರದ ಆನ್‌ಲೈನ್ ಸೇಲ್‌ಗೆ 'ಸೈಬರ್ ಮಂಡೇ' ಅನ್ನುವ ಹೆಸರನ್ನು 2005ರಲ್ಲಿ ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟದ ಕಡೆಯವರು ಹುಟ್ಟುಹಾಕಿದರು. ಚೀನಾದ 11/11, ಅಂದರೆ ಒಂಟಿಗಳ ದಿನ, ಕಾಲೇಜು ಹುಡುಗರ ತಮಾಷೆಯಾಗಿ ಶುರುವಾದದ್ದು ಅಂತ ಹೇಳುತ್ತಾರೆ, ನಾಲ್ಕು ಒಂದುಗಳು ಒಂಟಿಯಾಗಿ ನಿಂತಿವೆ ಅಲ್ವಾ, ಅದಕ್ಕೇ. 2009ರಲ್ಲಿ ಅಲಿಬಾಬಾ ಅದನ್ನು ಸೇಲ್ ಮಾಡಿತು. ಆಗ ಸೇರಿದ್ದು 27 ಬ್ರ್ಯಾಂಡ್‌ಗಳು. ಮುಂದೆ ಅದು ಜಗತ್ತಿನ ಅತಿ ದೊಡ್ಡ ಸೇಲ್‌ಗಳಲ್ಲಿ ಒಂದಾಯಿತು.

ಚಿಕ್ಕ ವ್ಯಾಪಾರಿ ಈ ದಿನಗಳಲ್ಲಿ ಇಳಿಯಬೇಕಾ? ನಾನು ಬೇಡ ಅನ್ನುತ್ತೇನೆ, ಸಾಮಾನ್ಯವಾಗಿ. ಆ ದಿನ ಜನ ಬರುವುದು ಬೆಲೆ ಹೋಲಿಸುವುದಕ್ಕೆ. ಬೆಲೆಯ ಆಟದಲ್ಲಿ ದೊಡ್ಡವರ ಎದುರು ನಿಂತು ಗೆಲ್ಲುವುದು ಕಷ್ಟ, ಗೆದ್ದರೂ ಕೈಗೆ ಏನೂ ಉಳಿಯುವುದಿಲ್ಲ. ಹಳೆ ಸ್ಟಾಕ್ ಖಾಲಿ ಮಾಡಬೇಕಿದ್ದರೆ ಮಾತ್ರ ಇದು ಒಳ್ಳೆಯ ಸಮಯ, ಯಾಕೆಂದರೆ ಆಗ ಕಡಿಮೆ ಬೆಲೆಗೆ ಮಾರಿದರೂ ಗೋಡೌನ್ ಜಾಗ ಮಿಗುತ್ತದೆ, ಸಿಕ್ಕಿಬಿದ್ದ ದುಡ್ಡು ಹೊರಗೆ ಬರುತ್ತದೆ.

ಉಲ್ಟಾ ಹೋಗುವ ದಾರಿಯೂ ಇದೆ. ಪ್ಯಾಟಗೋನಿಯಾ ಅನ್ನುವ ಬಟ್ಟೆ ಕಂಪನಿ 2011ರ ಬ್ಲ್ಯಾಕ್ ಫ್ರೈಡೇ ದಿನ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ತನ್ನದೇ ಜಾಕೆಟ್‌ನ ಚಿತ್ರ ಹಾಕಿ 'ಈ ಜಾಕೆಟ್ ಕೊಳ್ಳಬೇಡಿ' ಅಂತ ಜಾಹೀರಾತು ಕೊಟ್ಟಿತು. ಆರ್‌ಇಐ ಅನ್ನುವ ಅಮೆರಿಕದ ಕಂಪನಿ, ಚಾರಣ ಮತ್ತು ಕ್ಯಾಂಪಿಂಗ್ ಸಾಮಾನು ಮಾರುವವರು, 2015ರ ಬ್ಲ್ಯಾಕ್ ಫ್ರೈಡೇಗೆ ತನ್ನ 143 ಮಳಿಗೆಗಳನ್ನೂ ಮುಚ್ಚಿ, ಕೆಲಸದವರಿಗೆ ಸಂಬಳ ಸಹಿತ ರಜೆ ಕೊಟ್ಟು, ಹೊರಗೆ ಹೋಗಿ ಓಡಾಡಿ ಬನ್ನಿ ಅಂತ ಹೇಳಿತು. ಓದುವಾಗ ಆಸೆಯಾಗುತ್ತದೆ. ಆದರೆ ನಕಲು ಮಾಡುವ ಮೊದಲು ಯೋಚಿಸಿ. ಇವರಿಬ್ಬರೂ ವರ್ಷಗಟ್ಟಲೆ ಪರಿಸರದ ಮಾತು, ಹೊರಾಂಗಣದ ಮಾತು ಆಡಿಕೊಂಡು ಬಂದವರು. ಆರ್‌ಇಐ ಅದನ್ನು ಪ್ರತಿ ವರ್ಷ ಮುಂದುವರಿಸಿತು, 2022ರಲ್ಲಿ ಶಾಶ್ವತ ಮಾಡಿತು. ಊರಿಗೊಂದು ದಾರಿ ಆದರೆ ನಮಗೊಂದು ದಾರಿ ಅಂತ ಒಂದು ವರ್ಷ ಅಂಗಡಿ ಮುಚ್ಚಿ ಮುಂದಿನ ವರ್ಷ ಶೇಕಡಾ 50 ಆಫರ್ ಹಾಕಿದರೆ ನಗೆಪಾಟಲಾಗುತ್ತೀರಿ.

ಸಂಬಂಧದ ದಿನಗಳು: ಅಮ್ಮ, ಅಪ್ಪ, ಪ್ರೇಮಿ, ಗೆಳೆಯ

ಮಾರಾಟದ ದೃಷ್ಟಿಯಿಂದ ಇವು ಬಂಗಾರ. ಯಾಕೆಂದರೆ ಯಾರಿಗೆ, ಯಾವತ್ತಿನ ಒಳಗೆ, ಯಾಕೆ ಅನ್ನುವ ಮೂರೂ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧ. ಏನು ಅನ್ನುವುದು ಮಾತ್ರ ಬಾಕಿ. ಅದನ್ನು ನೀವು ತುಂಬಿಸಬೇಕು. ಇಲ್ಲಿ ನೂರು ಐಟಂ ತೋರಿಸುವವರಿಗಿಂತ ಮೂರೇ ಮೂರು ತೋರಿಸಿ 'ಮಾತು ಕಡಿಮೆ ಆಡುವ ಅಪ್ಪನಿಗೆ ಇದು, ಒಂದು ಕಡೆ ಕೂರದ ಅಮ್ಮನಿಗೆ ಇದು' ಅನ್ನುವವರ ಸರಕು ಬೇಗ ಹೋಗುತ್ತದೆ. ಆಯ್ಕೆ ಮಾಡಿಕೊಡುವುದೇ ಸೇವೆ.

ಆದರೆ ಇದು ಮುಳ್ಳಿನ ದಾರಿ ಕೂಡ. ತಾಯಂದಿರ ದಿನ ಅಮೆರಿಕದಲ್ಲಿ ಅಧಿಕೃತವಾದದ್ದು 1914ರಲ್ಲಿ. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರು ಆನಾ ಜಾರ್ವಿಸ್. ಕೊನೆಗೆ ಕಾರ್ಡು, ಹೂವು, ಮಿಠಾಯಿ ಮಾರುವವರು ಆ ದಿನವನ್ನು ನುಂಗಿಹಾಕಿದ್ದು ನೋಡಿ ಆಕೆಯೇ ಅದರ ವಿರುದ್ಧ ತಿರುಗಿಬಿದ್ದರು. ಭಾವನೆಯನ್ನು ಬರೀ ಸರಕು ಮಾಡಿದರೆ ಜನಕ್ಕೆ ಇವತ್ತೂ ಅದೇ ಕಸಿವಿಸಿ.

ಇನ್ನೊಂದು ಸೂಕ್ಷ್ಮ ಇದೆ. ಅಮ್ಮನನ್ನು ಕಳೆದುಕೊಂಡವರಿಗೆ, ಮಗು ಕಳೆದುಕೊಂಡವರಿಗೆ ಎರಡು ವಾರ ಬಿಡದೆ 'ಅಮ್ಮನಿಗೆ ಏನು ಕೊಡುತ್ತೀರಿ?' ಅಂತ ಇಮೇಲ್ ಬಂದರೆ ಹೇಗಿರುತ್ತದೆ ಹೇಳಿ. ಬ್ರಿಟನ್ನಿನ ಹೂವಿನ ಕಂಪನಿ ಬ್ಲೂಮ್ ಅಂಡ್ ವೈಲ್ಡ್ 2019ರಲ್ಲಿ ಗಿರಾಕಿಗಳಿಗೆ ಒಂದು ಸಣ್ಣ ಇಮೇಲ್ ಕಳಿಸಿತು: ಈ ದಿನದ ಬಗ್ಗೆ ಇಮೇಲ್ ಬೇಡ ಅನಿಸಿದರೆ ತಿಳಿಸಿ, ಅದನ್ನು ಮಾತ್ರ ನಿಲ್ಲಿಸುತ್ತೇವೆ, ಉಳಿದದ್ದು ಬರುತ್ತದೆ. ಸಾವಿರಾರು ಜನ ಬೇಡ ಅಂದರು, ಜೊತೆಗೆ ಧನ್ಯವಾದವನ್ನೂ ಹೇಳಿದರು. ಆಮೇಲೆ ಬೇರೆ ಕಂಪನಿಗಳೂ ಅದನ್ನೇ ಹಿಡಿದವು. ಹೂವು ಮಾರುವವರಿಗೆ ವರ್ಷದ ಅತಿ ದೊಡ್ಡ ದಿನಗಳಲ್ಲಿ ಒಂದು ಅದು. ಆ ದಿನ ಸುಮ್ಮನಿರುತ್ತೇವೆ ಅನ್ನುವುದೇ ಅವರ ಅತ್ಯುತ್ತಮ ಪ್ರಚಾರ ಆಯಿತು ನೋಡಿ. ಈ ಕೆಲಸಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಒಂದು ಪಟ್ಟಿ ಸಾಕು.

ನಿಮ್ಮದೇ ದಿನ ಹುಟ್ಟಿಸುವುದು

ಅಮೆಜಾನ್ ಮಾಡಿತು. ಕಂಪನಿಗೆ 20 ವರ್ಷ ತುಂಬಿದ ನೆಪದಲ್ಲಿ 2015ರ ಜುಲೈ 15ರಂದು ತನ್ನ ಪ್ರೈಮ್ ಸದಸ್ಯರಿಗಾಗಿ ಮೊದಲ ಪ್ರೈಮ್ ಡೇ ಸೇಲ್. ಆಗ ಜನ 'ಇದೇನು ಮನೆಯ ಹಳೆ ಸಾಮಾನು ಮಾರುತ್ತಿದ್ದಾರಾ' ಅಂತ ಸಿಕ್ಕಾಪಟ್ಟೆ ಗೇಲಿ ಮಾಡಿದ್ದರು. ಈಗ ಅದು ವರ್ಷದ ರೂಢಿ.

ಎಲ್ಲರದ್ದೂ ಹೀಗೆ ನಿಲ್ಲುವುದಿಲ್ಲ. ಗಿನ್ನೆಸ್ ಬಿಯರ್ ಕಂಪನಿ ತನ್ನ 250 ವರ್ಷದ ನೆಪದಲ್ಲಿ 2009ರಲ್ಲಿ ಸ್ಥಾಪಕ ಆರ್ಥರ್ ಗಿನ್ನೆಸ್ ಹೆಸರಿನಲ್ಲಿ 'ಆರ್ಥರ್ಸ್ ಡೇ' ಶುರು ಮಾಡಿತು. ಸಂಗೀತ, ಗದ್ದಲ, ಕುಡಿತ. ಐರ್ಲೆಂಡಿನಲ್ಲಿ ಇದು ಹಬ್ಬವೇ ಅಲ್ಲ, ಕುಡಿಸುವ ಉಪಾಯ ಅಂತ ವಿರೋಧ ಬಂತು. 2013ರದ್ದೇ ಕೊನೆಯದಾಯಿತು.

ಚಿಕ್ಕ ವ್ಯಾಪಾರಕ್ಕೆ ನಾನು ಜಾಸ್ತಿ ಇಷ್ಟಪಡುವ ಆಯ್ಕೆ ಇದೇ, ಸ್ವಲ್ಪ ಬೇರೆ ರೂಪದಲ್ಲಿ. ಅಂಗಡಿ ತೆರೆದ ದಿನ, ಮೊದಲ ಆರ್ಡರ್ ಬಂದ ದಿನ, ಇಂಥ ಒಂದು ದಿನ ಹಿಡಿಯಿರಿ. ಜಾಹೀರಾತಿನ ರೇಟ್ ಆಗ ಮಾಮೂಲಿ. ಪೈಪೋಟಿ ಇಲ್ಲ. ಸ್ಟಾಕ್, ಕೊರಿಯರ್ ಎಲ್ಲ ಹಿಡಿತದಲ್ಲಿ. ಕೊರತೆ ಒಂದೇ: ಹೊರಗಿನವರಿಗೆ ಆ ದಿನ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅದಕ್ಕೇ ಇದನ್ನು ಹೊಸ ಗಿರಾಕಿ ಹಿಡಿಯುವುದಕ್ಕೆ ಬಳಸಬೇಡಿ, ಹಳಬರಿಗೆ ಮಾತ್ರ ಇಡಿ. ಮೊದಲ ಎರಡು ವರ್ಷ ಸಪ್ಪೆ ಇರುತ್ತದೆ. ಇರಲಿ ಬಿಡಿ.

ಏನು ಕೊಡುವುದು? ಡಿಸ್ಕೌಂಟ್‌ನ ಲೆಕ್ಕ ಮೊದಲು

ಹಬ್ಬ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಮೊದಲ ಮಾತು 'ಎಷ್ಟು ಪರ್ಸೆಂಟ್ ಬಿಡೋಣ?' ಒಂದು ನಿಮಿಷ ತಡೆಯಿರಿ.

ಬೆಲೆ 100, ಅಸಲು 70, ಉಳಿಯುವುದು 30 ಅಂತ ಇಟ್ಟುಕೊಳ್ಳಿ. ಹತ್ತು ಮಾರಿದರೆ 300 ಸಿಗುತ್ತಿತ್ತು. ಶೇಕಡಾ 10 ಬಿಟ್ಟರೆ ಉಳಿಯುವುದು 20. ಅದೇ 300 ಬರಬೇಕಾದರೆ 15 ಮಾರಬೇಕು. ಶೇಕಡಾ 20 ಬಿಟ್ಟರೆ ಉಳಿಯುವುದು ಬರೀ 10, ಆಗ 30 ಮಾರಬೇಕು. ಅಂದರೆ ಮೂರು ಪಟ್ಟು. ಮೂರು ಪಟ್ಟು ಪ್ಯಾಕಿಂಗ್, ಮೂರು ಪಟ್ಟು ಫೋನ್ ಕರೆ, ರಿಟರ್ನ್‌ಗಳೂ ಅಷ್ಟೇ, ಇಷ್ಟೆಲ್ಲ ಆದ ಮೇಲೆ ಸಿಗುವುದು ಮೊದಲಿನಷ್ಟೇ ದುಡ್ಡು. ಪ್ರಚಾರದ ಖರ್ಚು ಇನ್ನೂ ಸೇರಿಸಿಲ್ಲ! ಈ ಲೆಕ್ಕವನ್ನು ನಿಮ್ಮ ಸರಕಿನ ಅಸಲು ಇಟ್ಟು ಒಮ್ಮೆ ಮಾಡಿ, ಆಮೇಲೆ ಬ್ಯಾನರ್ ಮಾಡಿಸಿ.

ಈಗ ಇನ್ನೊಂದು ದಾರಿ ನೋಡಿ. ಬೆಲೆ 100 ಹಾಗೇ ಇರಲಿ, ಜೊತೆಗೆ ನಿಮಗೆ 8 ಖರ್ಚಾಗುವ ಒಂದು ಚಿಕ್ಕ ಉಡುಗೊರೆ ಇಡಿ. ಉಳಿಯುವುದು 22, ಅಂದರೆ 14 ಮಾರಿದರೆ ಸಾಕು. ಅದರ ಮೇಲೆ ಬೆಲೆ ಇಳಿದಿಲ್ಲ, ಹಾಗಾಗಿ 'ಹಬ್ಬ ಬರಲಿ, ಆಮೇಲೆ ಕೊಳ್ಳೋಣ' ಅಂತ ಕಾಯುವ ಅಭ್ಯಾಸವೂ ಗಿರಾಕಿಗೆ ಬರುವುದಿಲ್ಲ. ಡಿಸ್ಕೌಂಟ್‌ನ ನಿಜವಾದ ಪೆಟ್ಟು ಇಲ್ಲೇ ಇರುವುದು. ಪ್ರತಿ ಹಬ್ಬಕ್ಕೂ ಬೆಲೆ ಇಳಿಸುವ ಅಂಗಡಿಯಲ್ಲಿ ಹಬ್ಬ ಇಲ್ಲದ ದಿನ ಯಾರು ಕೊಳ್ಳುತ್ತಾರೆ?

ಬೆಲೆ ಮೊದಲು ಏರಿಸಿ ಆಮೇಲೆ ಇಳಿಸುವ ಹಳೆ ಆಟವಂತೂ ಬೇಡವೇ ಬೇಡ. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ, ರಿಯಾಯಿತಿ ಅಂತ ಹಾಕಿದರೆ ಅದಕ್ಕೂ ಹಿಂದಿನ 30 ದಿನಗಳ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು ಅನ್ನುವ ನಿಯಮವೇ ಇದೆ. ನಿಯಮ ಇಲ್ಲದ ಕಡೆಯೂ ಗಿರಾಕಿಯ ಫೋನಿನಲ್ಲಿ ಹಳೆ ಸ್ಕ್ರೀನ್‌ಶಾಟ್ ಇರುತ್ತದೆ, ನೆನಪಿರಲಿ.

ಮೂರನೆಯದು, ಉಪಯೋಗಕ್ಕೆ ಬರುವ ಅಥವಾ ಖುಷಿ ಕೊಡುವ ಏನಾದರೊಂದು. ಅಮೆರಿಕದಲ್ಲಿ ಮಾಂಟ್ಗೊಮರಿ ವಾರ್ಡ್ ಅಂತ ಒಂದು ದೊಡ್ಡ ಮಳಿಗೆ ಇತ್ತು. ಕ್ರಿಸ್‌ಮಸ್‌ಗೆ ಬರುವ ಮಕ್ಕಳಿಗೆ ಹಂಚಲು ಅವರು ಹೊರಗಿನಿಂದ ಬಣ್ಣ ತುಂಬುವ ಪುಸ್ತಕ ಕೊಳ್ಳುತ್ತಿದ್ದರು. 1939ರಲ್ಲಿ, ನಾವೇ ಒಂದು ಮಾಡೋಣ ಅಂತ ಜಾಹೀರಾತು ವಿಭಾಗದ ರಾಬರ್ಟ್ ಮೇ ಅವರಿಂದ ಒಂದು ಕಥೆ ಬರೆಸಿದರು. ಅದೇ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್‌ನ ಕಥೆ. ಆ ವರ್ಷ ಹಂಚಿದ್ದು ಸುಮಾರು 24 ಲಕ್ಷ ಪ್ರತಿ. ಕಥೆಯಲ್ಲಿ ಅಂಗಡಿಯ ಸರಕಿನ ಮಾತೇ ಇಲ್ಲ. ನೀವು ರುಡಾಲ್ಫ್ ಹುಟ್ಟಿಸಬೇಕಾಗಿಲ್ಲ. ರಜೆಯಲ್ಲಿ ಮಕ್ಕಳನ್ನು ಕೂರಿಸುವ ಒಂದು ಆಟದ ಹಾಳೆ, ಹಬ್ಬದ ಖರ್ಚು ಬರೆದುಕೊಳ್ಳುವ ಪಟ್ಟಿ, ಪ್ರಯಾಣಕ್ಕೆ ಏನೇನು ತುಂಬಿಕೊಳ್ಳಬೇಕು ಅನ್ನುವ ಒಂದು ಪುಟ, ಇಷ್ಟಾದರೂ ಜನ ಅದನ್ನು ಉಳಿಸಿಕೊಳ್ಳುತ್ತಾರೆ, ಇನ್ನೊಬ್ಬರಿಗೆ ಕಳಿಸುತ್ತಾರೆ. ಶುಭಾಶಯದ ಪೋಸ್ಟರ್ ಯಾರೂ ಉಳಿಸಿಕೊಳ್ಳುವುದಿಲ್ಲ.

ದಾನದ ದಾರಿಯೂ ಇದೆ. 2016ರ ಬ್ಲ್ಯಾಕ್ ಫ್ರೈಡೇ ದಿನ ಅದೇ ಪ್ಯಾಟಗೋನಿಯಾ ಅವತ್ತಿನ ಪೂರ್ತಿ ಮಾರಾಟದ ದುಡ್ಡನ್ನು ಪರಿಸರ ಸಂಘಟನೆಗಳಿಗೆ ಕೊಡುತ್ತೇವೆ ಅಂದಿತು. 20 ಲಕ್ಷ ಡಾಲರ್ ಆಗಬಹುದು ಅಂತ ಅಂದಾಜು ಮಾಡಿದ್ದರು, ಆದದ್ದು 1 ಕೋಟಿ. ಮೊತ್ತ ಸ್ಪಷ್ಟವಾಗಿ ಹೇಳಿದ್ದರಿಂದ ಅದು ನಡೆಯಿತು. 'ಲಾಭದ ಒಂದು ಭಾಗ' ಅನ್ನುವ ಮಾತು ಯಾರನ್ನೂ ಅಲ್ಲಾಡಿಸುವುದಿಲ್ಲ. ಎಷ್ಟು, ಯಾರಿಗೆ, ಯಾವಾಗ ಕೊಟ್ಟಿರಿ ಅನ್ನುವುದನ್ನು ಆಮೇಲೆ ತೋರಿಸಲು ಆಗದಿದ್ದರೆ ಈ ದಾರಿಗೆ ಹೋಗಬೇಡಿ.

ಪ್ರತಿ ವರ್ಷ ಹೊಸದೋ, ಅದೇ ಹಳೆಯದೋ

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು. ನಮಗೆ ನಮ್ಮ ಪ್ರಚಾರ ಬೇಗ ಬೇಜಾರಾಗುತ್ತದೆ, ಯಾಕೆಂದರೆ ನಾವು ಅದನ್ನು ನೂರು ಸಲ ನೋಡಿರುತ್ತೇವೆ. ಗಿರಾಕಿ ನೋಡಿರುವುದು ಒಂದೋ ಎರಡೋ ಸಲ. ಕೋಕಾ ಕೋಲಾಕ್ಕೆ ಹ್ಯಾಡನ್ ಸಂಡ್‌ಬ್ಲೋಮ್ ಸಾಂಟಾ ಚಿತ್ರ ಬರೆಯಲು ಶುರು ಮಾಡಿದ್ದು 1931ರಲ್ಲಿ, ನಿಲ್ಲಿಸಿದ್ದು 1964ರಲ್ಲಿ. ಅದೇ ಅಜ್ಜ, ಅದೇ ಕೆನ್ನೆ, 30ಕ್ಕೂ ಹೆಚ್ಚು ವರ್ಷ. ಸ್ಟಾರ್‌ಬಕ್ಸ್ 1997ರಿಂದ ವರ್ಷದ ಕೊನೆಗೆ ಹಬ್ಬದ ಕಪ್ ತರುತ್ತಿದೆ. ಚಿತ್ರ ಬದಲಾಗುತ್ತದೆ, ಕಪ್ ಬರುವುದು ಬದಲಾಗುವುದಿಲ್ಲ. ಕಪ್ ಎಷ್ಟು ರೂಢಿಯಾಗಿತ್ತು ಅಂದರೆ 2015ರಲ್ಲಿ ಚಿತ್ರವೇ ಇಲ್ಲದ ಸಾದಾ ಕೆಂಪು ಕಪ್ ತಂದಾಗ ಅಮೆರಿಕದಲ್ಲಿ ಅದರ ಮೇಲೇ ಜಗಳ ಆಯಿತು. ಒಂದು ಕಾಗದದ ಲೋಟದ ಮೇಲೆ!

ನನ್ನ ಮತ ಹಳೆಯದಕ್ಕೆ. ಒಂದು ಒಳ್ಳೆಯ ಐಡಿಯಾ ಸಿಕ್ಕರೆ ಐದು ವರ್ಷ ಅದನ್ನೇ ಮಾಡಿ, ಬಣ್ಣ ಮಾತ್ರ ಬದಲಿಸಿ. ಕೆಲಸವೂ ಅರ್ಧ ಆಗುತ್ತದೆ.

ಯಾವಾಗ ಶುರು ಮಾಡಬೇಕು

ಹೆಚ್ಚಿನವರು ಮಾಡುವುದು ಯುದ್ಧಕಾಲೇ ಶಸ್ತ್ರಾಭ್ಯಾಸ. ಹಬ್ಬಕ್ಕೆ ಮೂರು ದಿನ ಇರುವಾಗ ಡಿಸೈನರ್‌ಗೆ ಫೋನ್. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ: ಸರಕು ಕೈಗೆ ತಲುಪಬೇಕಾದ ಕೊನೆ ದಿನ, ಅದಕ್ಕೆ ಆರ್ಡರ್ ನಿಲ್ಲಿಸಬೇಕಾದ ದಿನ, ಅದಕ್ಕೂ ಮೊದಲು ಜನ ಯೋಚಿಸುವ ಒಂದೆರಡು ವಾರ, ಅದಕ್ಕೂ ಮೊದಲು ನೀವು ಸ್ಟಾಕ್ ತರಿಸುವ ಸಮಯ. ಹೀಗೆ ಎಣಿಸಿದರೆ ಎರಡು ತಿಂಗಳು ಸುಲಭವಾಗಿ ಆಗುತ್ತದೆ. 'ಇಂಥ ದಿನದ ಒಳಗೆ ಆರ್ಡರ್ ಮಾಡಿದರೆ ಹಬ್ಬಕ್ಕೆ ಮೊದಲು ಗ್ಯಾರಂಟಿ' ಅನ್ನುವ ಒಂದು ಸಾಲು ಶೇಕಡಾ 10 ಡಿಸ್ಕೌಂಟ್‌ಗಿಂತ ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನೇ ನೋಡಿದ್ದೇನೆ, ಗ್ಯಾರಂಟಿ ಉಳಿಸಿಕೊಳ್ಳಬೇಕು ಅಷ್ಟೇ.

ತಾರೀಖು ಪ್ರತಿ ವರ್ಷ ನೋಡಿಕೊಳ್ಳಿ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಾದರೂ ಬರಬಹುದು. ಚೀನಾದ ಚಾಂದ್ರಮಾನ ಹೊಸ ವರ್ಷ ಜನವರಿ 21ರಿಂದ ಫೆಬ್ರವರಿ 20ರ ನಡುವೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಶುರುವಾಗುತ್ತದೆ. ಹೋದ ವರ್ಷದ ಪೋಸ್ಟ್ ಅದೇ ತಾರೀಖಿಗೆ ಶೆಡ್ಯೂಲ್ ಮಾಡಿಟ್ಟು ಮರೆತವರ ಕಥೆ ಎಷ್ಟು ಬೇಕು ನಿಮಗೆ?

ಹಬ್ಬದ ನಂತರದ ವಾರವನ್ನೂ ಬಿಡಬೇಡಿ. ಆಗ ಜಾಹೀರಾತಿನ ರೇಟ್ ಇಳಿಯುತ್ತದೆ, ಜನಕ್ಕೆ ಕೈಯಲ್ಲಿ ಗಿಫ್ಟ್ ಕಾರ್ಡ್ ಇರುತ್ತದೆ, ಹೊಂದದ ಉಡುಗೊರೆ ಬದಲಿಸಿಕೊಳ್ಳುವುದಿರುತ್ತದೆ. ಉಳಿದವರೆಲ್ಲ ಸುಸ್ತಾಗಿ ಮಲಗಿರುತ್ತಾರೆ.

ಎಲ್ಲಿ ಹೇಳುವುದು

ಚುಟುಕಾಗಿ ಹೇಳುತ್ತೇನೆ. ಹಳೆ ಗಿರಾಕಿಗೆ ಇಮೇಲ್ ಅಥವಾ ಮೆಸೇಜ್, ಹೊಸಬರಿಗೆ ಜಾಹೀರಾತು, ರೀಲ್ಸ್ ಎರಡರ ನಡುವೆ. ದುಡ್ಡು ಕಡಿಮೆ ಇದ್ದರೆ ಪೂರ್ತಿ ಹಳಬರ ಕಡೆ ಹೋಗಿ, ಅವರನ್ನು ತಲುಪಲು ಹರಾಜಿನಲ್ಲಿ ಕೂಗಬೇಕಾಗಿಲ್ಲ. ಆದರೆ ಅವರ ಒಪ್ಪಿಗೆ ಇರಬೇಕು, ಮಿತಿಯೂ ಇರಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದೆ: ಒಂದೇ ಕ್ಲಿಕ್‌ನಲ್ಲಿ ಹೊರಬರುವ ದಾರಿ ಇರಬೇಕು, ಸ್ಪ್ಯಾಮ್ ಅಂತ ಒತ್ತುವವರ ಪ್ರಮಾಣ ಶೇಕಡಾ 0.3 ಮುಟ್ಟಬಾರದು. ಸಾವಿರಕ್ಕೆ ಮೂರು ಜನ, ಅಷ್ಟೇ. ಹಬ್ಬದ ವಾರ ದಿನಕ್ಕೆರಡು ಇಮೇಲ್ ಹಾಕಿ ಅದನ್ನು ದಾಟಿದರೆ ಆಮೇಲೆ ಬಿಲ್ಲು ಕೂಡ ಸ್ಪ್ಯಾಮ್‌ಗೆ ಹೋಗಿ ಬೀಳಬಹುದು.

ಮುಟ್ಟಬಾರದ ದಿನಗಳು, ತಮಾಷೆಯ ದಿನಗಳು

ದುಃಖದ ನೆನಪಿನ ದಿನಗಳಲ್ಲಿ ಮಾರಬೇಡಿ. 2013ರ ಸೆಪ್ಟೆಂಬರ್ 11ರಂದು ಅಮೆರಿಕದ ಫೋನ್ ಕಂಪನಿ ಎಟಿ ಅಂಡ್ ಟಿ, 2001ರ ಭಯೋತ್ಪಾದಕ ದಾಳಿಯಲ್ಲಿ ಸತ್ತವರ ನೆನಪಿಗೆ ನ್ಯೂಯಾರ್ಕಿನಲ್ಲಿ ಬೆಳಗಿಸುವ ಬೆಳಕಿನ ಕಂಬಗಳನ್ನು ಒಂದು ಫೋನಿನ ಪರದೆಯೊಳಗೆ ತೋರಿಸಿ ಪೋಸ್ಟ್ ಹಾಕಿತ್ತು. ಉದ್ದೇಶ ಗೌರವವೇ ಇರಬಹುದು. ಜನಕ್ಕೆ ಕಂಡದ್ದು ಫೋನ್ ಜಾಹೀರಾತು. ಪೋಸ್ಟ್ ತೆಗೆದು ಕ್ಷಮೆ ಕೇಳಬೇಕಾಯಿತು.

ಹೋರಾಟದ ಹಿನ್ನೆಲೆಯ ದಿನಗಳಲ್ಲೂ ಜಾಗ್ರತೆ ಬೇಕು. 2021ರ ಮಹಿಳಾ ದಿನದಂದು ಬರ್ಗರ್ ಕಿಂಗ್‌ನ ಬ್ರಿಟನ್ ಶಾಖೆ 'ಹೆಂಗಸರ ಜಾಗ ಅಡುಗೆಮನೆ' ಅಂತ ಒಂದು ಟ್ವೀಟ್ ಹಾಕಿತು. ಅದರ ಕೆಳಗಿನ ಟ್ವೀಟ್‌ಗಳಲ್ಲಿ ವಿವರ ಇತ್ತು, ಬಾಣಸಿಗರಲ್ಲಿ ಹೆಂಗಸರು ಕಡಿಮೆ ಇದ್ದಾರೆ, ಅವರಿಗಾಗಿ ವಿದ್ಯಾರ್ಥಿವೇತನ ಶುರು ಮಾಡುತ್ತಿದ್ದೇವೆ ಅಂತ. ಕೆಲಸ ಒಳ್ಳೆಯದೇ. ಆದರೆ ಮೊದಲ ಸಾಲು ಒಂದೇ ಊರೆಲ್ಲ ಓಡಾಡಿತು, ಕೆಳಗಿನದ್ದನ್ನು ಓದುವ ವ್ಯವಧಾನ ಯಾರಿಗಿದೆ? ನಿಮ್ಮ ಮೊದಲ ಸಾಲನ್ನು ಮಾತ್ರ ಒಬ್ಬರಿಗೆ ತೋರಿಸಿ ಮುಖ ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಏಪ್ರಿಲ್ 1 ಇನ್ನೊಂದು ಬಲೆ. 2004ರಲ್ಲಿ ಅದೇ ದಿನ ಜಿಮೇಲ್ ಬಂದಾಗ 1 ಜಿಬಿ ಜಾಗ ಉಚಿತ ಅಂದದ್ದನ್ನು ಜನ ಜೋಕ್ ಅಂದುಕೊಂಡರು, ಅದು ನಿಜವಾಗಿತ್ತು, ಹಾಗಾಗಿ ದುಪ್ಪಟ್ಟು ಸುದ್ದಿಯಾಯಿತು. 2016ರಲ್ಲಿ ಜಿಮೇಲ್ ತಮಾಷೆಗೆ ಅಂತ ಇಮೇಲ್‌ಗೆ ಒಂದು ಕಾರ್ಟೂನ್ ಸೇರಿಸಿ ಕಳಿಸುವ ಬಟನ್ ಇಟ್ಟಿತು. ಜನ ಗೊತ್ತಿಲ್ಲದೆ ಅದನ್ನು ಒತ್ತಿ ಗಂಭೀರ ಪತ್ರಗಳ ಜೊತೆ ಕಾರ್ಟೂನ್ ಕಳಿಸಿಬಿಟ್ಟರು, ಅವತ್ತೇ ಅದನ್ನು ತೆಗೆಯಬೇಕಾಯಿತು. ಗಿರಾಕಿ ದಿನಾ ಬಳಸುವ ವಸ್ತುವಿನ ಜೊತೆ ಆಟ ಬೇಡ.

ಗೆದ್ದೆವೋ ಸೋತೆವೋ, ಹೇಗೆ ಗೊತ್ತಾಗುವುದು

ಹಬ್ಬದ ವಾರದ ಮಾರಾಟ ನೋಡಿ ಕುಣಿಯಬೇಡಿ. ಹೇಗೂ ಕೊಳ್ಳಬೇಕಿದ್ದವರು ನಿಮ್ಮ ಆಫರ್ ನೋಡಿ ಹದಿನೈದು ದಿನ ಮೊದಲೇ ಕೊಂಡಿರಬಹುದು. ಅದು ಹೊಸ ಮಾರಾಟ ಅಲ್ಲ, ಮುಂದಿನ ತಿಂಗಳಿನಿಂದ ತಂದ ಸಾಲ. ಹಬ್ಬದ ಹಿಂದಿನ ಎರಡು ವಾರ, ಹಬ್ಬ, ನಂತರದ ನಾಲ್ಕು ವಾರ, ಇಷ್ಟನ್ನೂ ಒಟ್ಟಿಗೆ ಸೇರಿಸಿ ಹೋದ ವರ್ಷದ ಅದೇ ಹಬ್ಬದ ಜೊತೆ ಹೋಲಿಸಿ, ಅದೇ ತಾರೀಖಿನ ಜೊತೆ ಅಲ್ಲ. ಆಗುವುದಾದರೆ ನಿಮ್ಮ ಪಟ್ಟಿಯಲ್ಲಿ ಹತ್ತರಲ್ಲಿ ಒಬ್ಬರಿಗೆ ಏನೂ ಕಳಿಸದೆ ಬಿಡಿ. ಚೀಟಿ ಎತ್ತಿದ ಹಾಗೆ ಆರಿಸಿ, ಬೇಕಾದವರನ್ನಲ್ಲ. ಕಳಿಸಿದವರೂ ಕಳಿಸದವರೂ ಒಂದೇ ಪ್ರಮಾಣದಲ್ಲಿ ಕೊಂಡಿದ್ದರೆ ನಿಮ್ಮ ಪ್ರಚಾರ ಏನೂ ಮಾಡಿಲ್ಲ ಅಂತಲೇ ಅರ್ಥ. ಈ ಪರೀಕ್ಷೆ ನನ್ನ ಅಹಂಕಾರವನ್ನು ಎರಡು ಸಲ ಇಳಿಸಿದೆ.

ನಾನಾದರೆ

ಉಡುಗೊರೆಯಾಗಿ ಹೋಗುವ ವಸ್ತು ಮಾರುತ್ತಿದ್ದರೆ: ಒಂದು ದೊಡ್ಡ ಹಬ್ಬ, ಒಂದು ಸಂಬಂಧದ ದಿನ, ಡಿಸ್ಕೌಂಟ್ ಬದಲು ಆಯ್ಕೆಯ ಸಹಾಯ ಮತ್ತು ತಲುಪಿಸುವ ಗ್ಯಾರಂಟಿ. ಸೇವೆಯ ವ್ಯಾಪಾರ, ಅಂದರೆ ರಿಪೇರಿ, ತರಬೇತಿ, ಲೆಕ್ಕಪತ್ರ ಇಂಥದ್ದಾದರೆ: ದೊಡ್ಡ ಹಬ್ಬದ ದಿನ ಬಿಟ್ಟು ಅದಕ್ಕೆ ಹಿಂದಿನ ಅಥವಾ ಮುಂದಿನ ವಾರ, ಜೊತೆಗೆ ಕಸುಬಿಗೆ ಹೊಂದುವ ಒಂದು ಚಿಕ್ಕ ದಿನ. ಕಂಪನಿಗಳಿಗೇ ಮಾರುವವರಾದರೆ ಹಬ್ಬದಲ್ಲಿ ಮಾರುವ ಆಸೆ ಬಿಡಿ, ಆಗ ಅಲ್ಲಿ ಸಹಿ ಹಾಕುವವರೇ ರಜೆಯಲ್ಲಿರುತ್ತಾರೆ. ಒಂದು ಕೈಬರಹದ ಕಾರ್ಡ್ ಸಾಕು. ಕಳೆದ ವರ್ಷವಷ್ಟೇ ಶುರು ಮಾಡಿದವರಾದರೆ ಒಂದೇ ಒಂದು ದಿನ ಹಿಡಿಯಿರಿ, ಉಳಿದ ಹಬ್ಬಗಳಲ್ಲಿ ಮನೆಯವರ ಜೊತೆ ಕೂತುಕೊಳ್ಳಿ. ಆ ಒಂದು ದಿನದ ಹೆಸರು ಕಾಗದದಲ್ಲಿ ಬರೆದು, ಅದರ ಕೆಳಗೆ ಕೊನೆ ಆರ್ಡರ್ ತಾರೀಖು ಹಾಕಿ, ಸ್ಟಾಕ್ ಇಡುವ ಕಪಾಟಿಗೆ ಅಂಟಿಸಿ.